ಇಳಿಯುವ ಕಾಲು

ಅಭ್ಯಾಸದ ಅಂಕಣ, ಮೇಲಿನ ಕೋಣೆ
ಸೋಮವಾರ, ಸೆಪ್ಟೆಂಬರ್ ೧೬, ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೇ? ಹೊತ್ತು ಹೊತ್ತಿಗೆ ಊಟ, ವ್ಯಾಯಾಮ, ನಿದ್ದೆ ಎಲ್ಲ ಚಿಕ್ಕಮ್ಮ ಹೇಳಿದಂತೆ ನಡೆಯುತ್ತಿದೆಯೋ, ಅಥವಾ ಅಲ್ಲಿಯೂ ನಿನ್ನ ಹಟವೇ ಗೆದ್ದಿದೆಯೋ? ಅವರ ಮನೆಯ ಬಾಗಿಲುಗಳು ನಿನಗೆ ಗಿಡ್ಡ, ತಲೆ ಜೋಪಾನ. ನಮ್ಮ ಅಪ್ಪನಾದರೆ ನಿನಗಾಗಿ ಅಡುಗೆಮನೆ ಬಾಗಿಲಿನ ಚೌಕಟ್ಟಿಗೆ ಹಳೆ ಟವೆಲ್ ಸುತ್ತಿ ಮೊಳೆ ಹೊಡೆದಿದ್ದರು. ಚಿಕ್ಕಮ್ಮನಿಗೆ ಅಷ್ಟು ತಾಳ್ಮೆ ಇದ್ದಂತಿಲ್ಲ. ಇಡೀ ಕ್ರೀಡಾಂಗಣ ನಿನ್ನನ್ನು ‘ಕಂಬ’ ಎಂದು ಕೂಗಿದರೂ ನನಗೆ ನೀನು ಪುಟ್ಟನೇ. ಏಳಡಿಗೆ ಒಂದೆರಡು ಬೆರಳು ಕಮ್ಮಿ ಇರುವ ಪುಟ್ಟ. ನಾನು ಚೆನ್ನಾಗಿದ್ದೇನೆ. ಕೂಗಿ ಕೂಗಿ ಗಂಟಲು ಕಟ್ಟಿದೆ, ಅಷ್ಟೆ.

ಫೋನ್ ಮಾಡುವುದು ಬಿಟ್ಟು ಇದೇನು ಹೊಸದಾಗಿ ಕಾಗದ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ಎರಡನೇ ಮಾತಿಗೇ ತಮಾಷೆ ಶುರುಮಾಡುತ್ತೀಯ, ನಾನೂ ನಕ್ಕುಬಿಡುತ್ತೇನೆ. ಕೇಳಬೇಕಾದ್ದನ್ನು ಕೇಳದೆ, ಹೇಳಬೇಕಾದ್ದನ್ನು ಹೇಳದೆ ಇಬ್ಬರೂ ಫೋನಿಡುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಸುಮ್ಮನೆ ಕೂತು ಓದು.

ಸುದ್ದಿ ನಿನ್ನ ಕಿವಿಗೂ ಬಿದ್ದಿರಬಹುದು. ಈ ಸಲ ನಮ್ಮ ಬಾಸ್ಕೆಟ್‌ಬಾಲ್ ತಂಡದಲ್ಲಿ ರಿಂಗಿನ ಕೆಳಗೆ ಕಾಯಲು ನಾಲ್ವರು ಸೆಂಟರ್‌ಗಳು ಬೇಡ, ಮೂವರು ಸಾಕು ಎಂದು ನಮ್ಮ ಮುಖ್ಯ ತರಬೇತುದಾರರು, ಅಂದರೆ ತಂಡದವರೆಲ್ಲ ‘ಯಜಮಾನರು’ ಎನ್ನುವವರು, ತೀರ್ಮಾನಿಸಿದ್ದಾರೆ. ಮೊನ್ನೆ ನನ್ನನ್ನು ಕರೆದು, “ಎತ್ತರದ ಹುಡುಗರನ್ನ ತಯಾರು ಮಾಡೋದು ನೀನು. ನಾಲ್ಕು ಜನರಲ್ಲಿ ಮೂರು ಹೆಸರು ನೀನೇ ಕೊಡು” ಎಂದರು. ಆಮೇಲೆ ದನಿ ತಗ್ಗಿಸಿ, “ತಮ್ಮನ ವಿಷಯ ಕಷ್ಟ ಆಗುತ್ತೆ ಅಂದ್ರೆ ಹೇಳು, ಅದೊಂದನ್ನ ನಾನು ನೋಡ್ಕೋತೀನಿ” ಎಂದರು. ಬೇಡ ಸರ್, ನಾನೇ ನೋಡುತ್ತೇನೆ ಎಂದುಬಿಟ್ಟೆ. ಹೊರಗೆ ಬಂದಮೇಲೆ, ಹೋಗುತ್ತಿದ್ದ ತಲೆನೋವನ್ನು ಕರೆದು ಕೂರಿಸಿಕೊಂಡೆನಲ್ಲ ಎನ್ನಿಸಿತು. ಆದರೂ ನಿನ್ನನ್ನು ಇನ್ನೊಬ್ಬರು ತೂಗಿ ನೋಡುವುದು ನನಗೆ ಸಹಿಸಲಾಗುವುದಿಲ್ಲ ಪುಟ್ಟಾ. ಬೇರೆ ಕಾರಣವೇನೂ ಇಲ್ಲ.

ನನ್ನ ಚಾಳಿ ನಿನಗೆ ಗೊತ್ತೇ ಇದೆ. ಎಲ್ಲರೂ ಚೆಂಡು ನೋಡುವಾಗ ನಾನು ರಿಂಗಿನ ಹಿಂದೆ ಗಿಡ್ಡ ಸ್ಟೂಲು ಹಾಕಿಕೊಂಡು ಪಾದ ನೋಡುತ್ತಾ ಕೂರುತ್ತೇನೆ. ಹೊಸದಾಗಿ ಬಂದವರು ಮೇಡಂ ತೂಕಡಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಹಾರುವುದನ್ನು ಟಿಕೆಟ್ ಕೊಂಡವರೆಲ್ಲ ನೋಡುತ್ತಾರೆ, ಇಳಿಯುವುದನ್ನು ನೋಡುವುದಕ್ಕೆ ನನಗೆ ಸಂಬಳ. ಸೆಂಟರ್ ಆದವನು ಪ್ರತಿಸಲ ಇಳಿಯುವುದು ಹತ್ತಾರು ಕಾಲುಗಳ ನಡುವೆ. ಎರಡೂ ಪಾದ ಒಟ್ಟಿಗೆ ಊರಿ, ಇಳಿದ ಮರುಕ್ಷಣವೇ ಮತ್ತೆ ಹಾರಬಲ್ಲವನು ಇಡೀ ಸೀಸನ್ ಬಾಳಿಕೆ ಬರುತ್ತಾನೆ. ಉಳಿದದ್ದನ್ನೆಲ್ಲ ಹೇಳಿಕೊಡಬಹುದು.

ಮೊದಲು ನಮ್ಮ ‘ಬೀರು’ವಿನ ವಿಷಯ. ರಜೆ ಮುಗಿಸಿ ಇನ್ನೂ ದೊಡ್ಡ ಬೀರುವಾಗಿ ಬಂದಿದ್ದಾನೆ. ರಿಂಗಿನ ಕೆಳಗೆ ಅವನನ್ನು ಒಮ್ಮೆ ನಿಲ್ಲಿಸಿದರೆ ಮುಗಿಯಿತು, ಇಬ್ಬರು ಸೇರಿ ನೂಕಿದರೂ ಜಪ್ಪಯ್ಯ ಎನ್ನುವುದಿಲ್ಲ. ಇಳಿದಾಗ ಮೇಲಿನ ಮನೆಯವರು ಸಾಮಾನು ಸರಿಸಿದಂತೆ ಸದ್ದಾಗುತ್ತದೆ, ಆದರೆ ಎರಡು ಪಾದಕ್ಕೂ ಸಮ ಭಾರ. ಹಿಂದಕ್ಕೆ ಓಡುವುದು ಮಾತ್ರ ಕೇಳಬೇಡ. ಇವನು ನಮ್ಮ ರಿಂಗು ತಲುಪುವಷ್ಟರಲ್ಲಿ ಎದುರಿನವರು ಅಂಕ ಗಳಿಸಿ ನೀರು ಕುಡಿಯುತ್ತಿರುತ್ತಾರೆ. ಅವನು ಒಬ್ಬನೇ ಗೆರೆಯ ಹಿಂದೆ ನಿಂತು ಫ್ರೀ ಥ್ರೋ ಎಸೆಯುವಾಗ ನಾನು ಬಗ್ಗಿ ಲೇಸು ಕಟ್ಟಿಕೊಳ್ಳುತ್ತೇನೆ, ನೋಡಲಾಗುವುದಿಲ್ಲ. ಇಷ್ಟಾದರೂ ಮೊದಲ ಹೆಸರು ಅವನದೇ. ದಿನಾ ಬರುತ್ತಾನೆ, ಹೇಳಿದ್ದನ್ನು ಮಾಡುತ್ತಾನೆ, ನೋವಾದರೆ ನೋವು ಎನ್ನುತ್ತಾನೆ.

ನಮ್ಮ ‘ಮಿಡತೆ’ ಇನ್ನೂ ಮಿಡತೆಯೇ. ಎದುರಿನವನು ಚೆಂಡು ಎಸೆಯುವುದು ಬೇಡ, ಹುಬ್ಬು ಕುಣಿಸಿದರೆ ಸಾಕು, ಇವನು ಆಕಾಶದಲ್ಲಿರುತ್ತಾನೆ. ಇವನು ಕೆಳಗೆ ಬರುವಷ್ಟರಲ್ಲಿ ಅವನು ಪಕ್ಕದಿಂದ ನುಸುಳಿ ಆರಾಮಾಗಿ ಬಾಸ್ಕೆಟ್ ಹಾಕಿರುತ್ತಾನೆ. “ಚೆಂಡು ಅವನ ಕೈ ಬಿಡೋ ತನಕ ನೀನು ನೆಲ ಬಿಡಬೇಡ” ಎಂದು ಹೇಳಿ ಹೇಳಿಯೇ ನನ್ನ ಗಂಟಲಿಗೆ ಈ ಗತಿ. ಆದರೆ ಇಳಿಯುವುದು ಬೆಕ್ಕಿನ ಹಾಗೆ, ಸದ್ದೇ ಇಲ್ಲ. ಬೈಸಿಕೊಂಡರೆ ಮುಖ ಊದಿಸಿಕೊಳ್ಳದೆ ತಿದ್ದಿಕೊಳ್ಳುತ್ತಾನೆ. ಎರಡನೇ ಹೆಸರು ಅವನದು.

ಹೊಸಬನ ಕತೆಯೇ ಬೇರೆ. ಬೇರೆ ಯಾರದೋ ಕೈಗಳನ್ನು ತಂದು ಜೋಡಿಸಿದ ಹಾಗಿದ್ದಾನೆ, ಅಷ್ಟು ಉದ್ದ. ಚೆಂಡು ಕೈಗೆ ಬಂದರೆ ಜಾರುವುದಿಲ್ಲ, ಯಾರಿಗೆ ಕೊಡಬೇಕೆಂದು ಬರುವ ಮೊದಲೇ ಗೊತ್ತಿರುತ್ತದೆ. ಇಳಿಯುವಾಗ ಎರಡೂ ಪಾದ ಒಟ್ಟಿಗೆ ಊರುತ್ತಾನೆ. ತೊಂದರೆ ಅವನ ಬಾಯಿಯದು. ಹಿಂದೆ ನಿಂತ ಸೆಂಟರ್‌ಗೆ ಇಡೀ ಅಂಕಣ ಕಾಣುತ್ತದೆ, ಮುಂದಿರುವವರಿಗೆ ಅವನೇ ಕಣ್ಣಾಗಬೇಕು. ನೀನಿದ್ದಾಗ ರೇಡಿಯೋ ಹಾಕಿದ ಹಾಗೆ ಒಂದೇ ಸಮನೆ ಕೇಳುತ್ತಿತ್ತು, “ಎಡಕ್ಕೆ ಬಂದ, ಬಿಡು ಅವನನ್ನ, ನಾನಿದೀನಿ.” ಇವನೋ, ಕ್ಯಾಪ್ಟನ್‌ಗೆ “ಸರ್, ಎಡಗಡೆ ಸ್ವಲ್ಪ ನೋಡ್ಕೊಳ್ಳಿ” ಎನ್ನುತ್ತಾನೆ. ಆ ‘ಕೊಳ್ಳಿ’ ಮುಗಿಯುವಷ್ಟರಲ್ಲಿ ಎರಡು ಅಂಕ ಹೋಗಿರುತ್ತದೆ. ಗೆರೆಯ ಒಳಗೆ ಸರ್ ಇಲ್ಲ, ಅಣ್ಣ ಇಲ್ಲ, ಎಲ್ಲರಿಗೂ ಏಕವಚನವೇ ಎಂದು ಕಟ್ಟಪ್ಪಣೆ ಮಾಡಿದೆ. ಮರುದಿನ ಕಣ್ಣು ಮುಚ್ಚಿಕೊಂಡು “ಏಯ್, ಎಡಕ್ಕೆ ಹೋಗೋ” ಎಂದು ಕ್ಯಾಪ್ಟನ್‌ಗೇ ಅಬ್ಬರಿಸಿದ. ಆಟ ಮುಗಿದ ಮೇಲೆ ಅವನ ಮುಂದೆ ಕೈಕಟ್ಟಿ ನಿಂತು ಕ್ಷಮೆ ಕೇಳಿದನಂತೆ. ಕ್ಯಾಪ್ಟನ್ ಅದನ್ನು ಹೇಳಿಕೊಂಡು ಇನ್ನೂ ನಗುತ್ತಿದ್ದಾನೆ. ಬೆಂಚಿನ ತುದಿಯ ನಿನ್ನ ಜಾಗದಲ್ಲಿ ಹೊಸಬ ಕೂರುವುದಿಲ್ಲ. ನಿಂತೇ ನೀರು ಕುಡಿಯುತ್ತಾನೆ, “ಕಂಬಣ್ಣ ಯಾವಾಗ ಬರ್ತಾರೆ ಮೇಡಂ?” ಎಂದು ಕೇಳುತ್ತಾನೆ.

ಇನ್ನು ನೀನು. ಅಕ್ಕನಾಗಿ ಅಲ್ಲ, ಸ್ಟೂಲಿನ ಮೇಲೆ ಕೂರುವವಳಾಗಿ ಹೇಳುತ್ತೇನೆ. ಆಟ ಅರ್ಥಮಾಡಿಕೊಳ್ಳುವುದರಲ್ಲಿ ಈ ಮೂವರನ್ನು ಸೇರಿಸಿದರೂ ನಿನ್ನ ಸಮ ಇಲ್ಲ. ಅಡ್ಡ ನಿಂತು ದಾರಿ ಮಾಡಿಕೊಡುವುದು, ಚೆಂಡು ಎಲ್ಲಿ ಪುಟಿಯುತ್ತದೆಂದು ಮೊದಲೇ ಹೋಗಿ ನಿಲ್ಲುವುದು, ಸೋಲುತ್ತಿರುವಾಗ ಹುಡುಗರ ಮುಖ ಬಾಡದಂತೆ ನೋಡಿಕೊಳ್ಳುವುದು, ಇದನ್ನೆಲ್ಲ ನಾನು ಹೇಳಿಕೊಟ್ಟಿದ್ದಲ್ಲ. ಮೊಣಕಾಲು ವಾಸಿಯಾಯಿತೆಂದು ತೋರಿಸಲು ನೀನು ಕಳಿಸಿದ ವಿಡಿಯೋ ಇಲ್ಲಿ ಎಲ್ಲರ ಕೈಗೂ ಹೋಗಿ ಬಂತು. ಯಜಮಾನರು ನೋಡಿ, “ಪರವಾಗಿಲ್ವಲ್ಲ, ಚೆನ್ನಾಗೇ ಹಾರ್ತಿದಾನೆ” ಎಂದರು. ನಾನೂ ನೋಡಿದೆ. ಮತ್ತೆ ಮತ್ತೆ ನೋಡಿದೆ. ಏಳುತ್ತೀಯ, ಕೈ ರಿಂಗು ಮುಟ್ಟುತ್ತದೆ, ಅಲ್ಲಿಗೆ ತುಣುಕು ಮುಗಿಯುತ್ತದೆ. ಮತ್ತೊಂದು ನೆಗೆತ, ಅದೂ ಅಷ್ಟೆ. ಇಡೀ ವಿಡಿಯೋದಲ್ಲಿ ಒಂದು ಸಲವೂ ನಿನ್ನ ಕಾಲು ನೆಲಕ್ಕೆ ಬರುವುದಿಲ್ಲ. ಕೊನೆಯದರಲ್ಲಿ, ಫೋನ್ ಹಿಡಿದಿದ್ದ ಚಿಕ್ಕಮ್ಮನ ದನಿ “ಅಯ್ಯೋ, ನಿಧಾ...” ಎನ್ನುವಷ್ಟರಲ್ಲಿ ಕತ್ತರಿ ಬಿದ್ದಿದೆ.

ಬೇರೆ ಯಾರು ನೋಡುವುದಾಗಿದ್ದರೂ ನೀನು ಅದನ್ನು ಕತ್ತರಿಸುತ್ತಿರಲಿಲ್ಲ. ಆ ಕತ್ತರಿ ನನ್ನೊಬ್ಬಳಿಗಾಗಿ ಹಾಕಿದ್ದು. ಚಿಕ್ಕಮ್ಮನಿಗೆ ಫೋನ್ ಮಾಡಿ, ಕೊನೆಯ ಸಲ ಹಾರಿದಾಗ ಏನಾಯಿತು ಎಂದು ಕೇಳಿದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ. “ನಿಂದು ಊಟ ಆಯ್ತಾ?” ಎಂದರು. ಅವರ ಮೇಲೆ ರೇಗಬೇಡ, ಅವರು ಒಂದಕ್ಷರ ಬಾಯಿಬಿಟ್ಟಿಲ್ಲ.

ನನಗೆ ಸಿಟ್ಟು ಬಂದಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಕತ್ತರಿ ಹಾಕುತ್ತಿದ್ದೆನೇನೋ. ನನಗಿರುವುದು ಭಯ. ನಿನ್ನ ಹೆಸರು ಬರೆದರೆ ನೀನು ಬರುತ್ತೀಯ, ಹಲ್ಲುಕಚ್ಚಿ ಆಡುತ್ತೀಯ, ಯಾವುದೋ ಒಂದು ಸಂಜೆ ಎಲ್ಲರ ಕಾಲುಗಳ ನಡುವೆ ಇಳಿಯುತ್ತೀಯ. ಆಮೇಲೆ ಆ ಮೊಣಕಾಲನ್ನು ಯಾವ ವೈದ್ಯರೂ ಮೊದಲಿನಂತೆ ಮಾಡಲಾರರು. ಬರೆಯದಿದ್ದರೆ ಇನ್ನೊಂದು ಸಂಕಟ. ಅಂಕಣದ ಹೊರಗೆ ಆ ಎರಡು ಕೈಗಳನ್ನು ಎಲ್ಲಿಡಬೇಕೆಂದೇ ನಿನಗೆ ತಿಳಿಯುವುದಿಲ್ಲ. ಮದುವೆ ಮನೆಯಲ್ಲೂ ಮೂಲೆ ಹುಡುಕಿ ನಿಲ್ಲುವವನು ನೀನು. ಸ್ವಂತ ಅಕ್ಕನೇ ಕೈಬಿಟ್ಟ ಆಟಗಾರನನ್ನು ಇನ್ನು ಯಾವ ತಂಡ ಕರೆದೀತು? ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಓಡಾಡುತ್ತಿದ್ದೇನೆ. ಬೆಳಿಗ್ಗೆಯಿಂದ ಹಾಳೆಯ ಮೇಲೆ ಎರಡು ಹೆಸರಿವೆ. ಸಂಜೆಯೊಳಗೆ ಮೂರನೆಯದನ್ನು ಬರೆದು ಕೊಡಬೇಕು.

ಅಭ್ಯಾಸದ ಗಂಟೆ ಆಯಿತು, ಕೆಳಗೆ ಚೆಂಡುಗಳ ಸದ್ದು ಶುರುವಾಗಿದೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಅವರ ಮಂಡಿನೋವನ್ನೂ ವಿಚಾರಿಸು. ಮನೆಯಲ್ಲಿ ನೋಯುವುದು ನಿನ್ನದೊಂದೇ ಮೊಣಕಾಲಲ್ಲ. ಹೊಟ್ಟೆ ತುಂಬ ತಿನ್ನು, ಚೆನ್ನಾಗಿ ನಿದ್ದೆ ಮಾಡು. ನೀನು ಎಲ್ಲಿದ್ದರೂ ಸುಖವಾಗಿರಬೇಕು, ನನ್ನ ಆಸೆ ಅಷ್ಟೇ.

ನಿನ್ನ
ಅಕ್ಕ

ಮತ್ತೆ: ಸಂಜೆಯಾಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೋ. ನಮ್ಮ ವ್ಯಾನಿನ ಚಾಲಕ ನಿಮ್ಮ ಕಡೆ ಹೊರಟು ಹಾರ್ನ್ ಹೊಡೆಯುತ್ತಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಹಾಳೆ ಕೊಟ್ಟು ಬಂದೆ ಪುಟ್ಟಾ. ಮೂರನೆಯ ಹೆಸರು ಹೊಸಬನದು. ಯಜಮಾನರು ಎರಡು ಸಲ ಓದಿ, “ಖಂಡಿತಾನಾ?” ಎಂದರು. ಹೌದು ಎಂದೆ. ಕಾರಣ ಕೇಳಿದ್ದಕ್ಕೆ, ಅವನು ಇನ್ನೂ ಬಹಳ ವರ್ಷ ಆಡುತ್ತಾನೆ ಎಂದೆ, ಅದೂ ನಿಜವೇ. ವಿಡಿಯೋದ ಮಾತು ಎತ್ತಲಿಲ್ಲ. ನಾಳೆ ಕಚೇರಿಯಿಂದ ನಿನಗೆ ಫೋನ್ ಬರುತ್ತದೆ, ಒಳ್ಳೊಳ್ಳೆಯ ಮಾತು ಹೇಳುತ್ತಾರೆ. ಅದಕ್ಕೆ ಮೊದಲು ನಿನಗೆ ನನ್ನಿಂದಲೇ ಗೊತ್ತಾಗಬೇಕಿತ್ತು. ನಿನ್ನನ್ನು ತೆಗೆದವರು ಯಜಮಾನರಲ್ಲ, ನಾನು. ಜಗಳಕ್ಕೆ ಬರುವುದಾದರೆ ಬಾ, ಈ ವಾರವೆಲ್ಲ ಸಂಜೆ ಮನೆಯಲ್ಲೇ ಇರುತ್ತೇನೆ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿದೆ. ಮೆಟ್ಟಿಲು ಹತ್ತಬೇಡ. ಕೆಳಗೇ ನಿಂತು ಕೂಗು, ನಾನೇ ಬರುತ್ತೇನೆ.