ಪೂಜೆಗೆ ಕೂತ ಶೆಲ್

3 ಅಕ್ಟೋಬರ್ 2011, ಸೋಮವಾರ

ಟಿಕ್ ಟಿಕ್ ಸದ್ದು ಕೇಳಿಯೇ ಬಾಂಬು ಯಾವ ದೇಶದ್ದೆಂದು ಹೇಳಬಲ್ಲವನು ಇಡೀ ಭಾರತದಲ್ಲಿ ನಾನೊಬ್ಬನೇ. ದೊಡ್ಡ ದೊಡ್ಡ ಜನರಲ್‌ಗಳೇ ಒಪ್ಪಿದ ಮಾತು. ಅಂಥವನು ಬೆಳಗ್ಗೆ ಎಂಟಕ್ಕೆ ಪೀಣ್ಯದ ಗುಜರಿ ಶೆಡ್ಡಿನಲ್ಲಿ ತಾಮ್ರದ ವೈರ್ ಸುಲಿಯುತ್ತ ಕೂತಿದ್ದೆ.

ಟೂರ್ ಹೇಗಿತ್ತು ಎಂದು ಕೇಳಿದ ಓನರ್ ದೇವರಾಜ್. ಟೂರಂತೆ! ವರ್ಷಕ್ಕೆ ಎರಡು ತಿಂಗಳು ಟೆರಿಟೋರಿಯಲ್ ಆರ್ಮಿ, ಬಾಂಬ್ ಡಿಸ್ಪೋಸಲ್ ತಂಡ, ದೇಶದ ಕೆಲಸ ಎಂದು ಹತ್ತನೇ ಸಲ ಬಿಡಿಸಿ ಹೇಳಿದೆ. ಆ ಎರಡು ತಿಂಗಳ ಸಂಬಳ ಕೇಳಬೇಡ ಎಂದ. ಕೇಳಿದವರು ಯಾರು?

5 ಅಕ್ಟೋಬರ್, ಮಧ್ಯಾಹ್ನ 3

ಎದುರು ಕಾಂಪೌಂಡಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಆಯುಧಪೂಜೆ. ತೂಕದ ಮಿಷನ್, ಕಟಿಂಗ್ ಮಿಷನ್, ಸುತ್ತಿಗೆ, ಸ್ಪ್ಯಾನರ್, ಎಲ್ಲಕ್ಕೂ ವಿಭೂತಿ ಕುಂಕುಮ. ನಡುವೆ ಮಣೆಯ ಮೇಲೆ, ಚೆಂಡುಹೂವಿನ ಹಾರ ಹಾಕಿಸಿಕೊಂಡು ಕೂತಿದೆ... ಸೈನ್ಯದವರು ಹಾರಿಸುವ ಮಾರ್ಟರ್ ಶೆಲ್. ಮೊಳದುದ್ದ. ಮೂತಿಯಲ್ಲಿ ಅದನ್ನು ಸಿಡಿಸುವ ಫ್ಯೂಸ್ ಹಾಗೇ ಇದೆ. ಹಾರಿಯೂ ಸಿಡಿಯದ್ದು — ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಸುತ್ತ ಊದುಬತ್ತಿ. ಸುತ್ತ ಹದಿನಾಲ್ಕು ಜನ.

ಗುಜರಿ ವಿಂಗಡಿಸುವ ಮರೆವ್ವನನ್ನು ಕೇಳಿದೆ. ಯಾವುದೋ ಲೋಡಿನಲ್ಲಿ ಬಂದದ್ದಂತೆ. ಆಯುಧಪೂಜೆಗೆ ನಿಜವಾದ ಆಯುಧವೇ ಸಿಕ್ಕಿದೆ, ಉಜ್ಜಿ ಹೊಳೆಸು ಎಂದು ಓನರೇ ಹೇಳಿದನಂತೆ. ಆ ಹಿತ್ತಾಳೆ ಮೂತಿಯನ್ನು ಹಿತ್ತಿಲ ನಲ್ಲಿಯ ಬಳಿ ಕೂತು ಎರಡು ದಿನ ಹುಣಸೆಹಣ್ಣು ಹಾಕಿ ಉಜ್ಜಿದ್ದಾಳೆ, ಪುಣ್ಯಾತ್ಗಿತ್ತಿ.

"ಸಾರ್, ಜೀವ ಇರೋ ಶೆಲ್ ಇದು. ಎಲ್ರನ್ನೂ ಆಚೆ ಕಳ್ಸಿ."

"ನಿನ್ ಬಾಂಬ್ ಕಥೆ ಟೀ ಅಂಗ್ಡೀಲಿ ಇಟ್ಕೊ ಮುನಿಯಪ್ಪ. ಪೂಜೆಗಿಟ್ಟಿದ್ದನ್ನ ನಾಳೆ ತಂಕ ಮುಟ್ಟಂಗಿಲ್ಲ."

ಮುಟ್ಟಬೇಡಿ ಎಂದೇ ನಾನೂ ಹೇಳುತ್ತಿರುವುದು! ಅಷ್ಟರಲ್ಲಿ ದೇವರಾಜ್ ಕರ್ಪೂರ ಹಚ್ಚಿದ. ಒಡೆಯಲು ಬೂದುಗುಂಬಳ ಪಕ್ಕದಲ್ಲೇ.

ಕ್ಯಾಂಪಿನಲ್ಲಿ ನನಗೆ ಕಲಿಸಿದ್ದು... ಇಲ್ಲಿ ಬರೆಯಲು ಅಡ್ಡಿಯಿಲ್ಲ. ಮರಳುಮೂಟೆ ಹೊರುವುದು, ಹಗ್ಗ ಕಟ್ಟುವುದು, ಜನರನ್ನು ದೂರ ಕಳಿಸುವುದು. ಬಿಚ್ಚುವುದೆಲ್ಲ ಸುಬೇದಾರರು. ಸರಿ, ಜನರನ್ನು ಕಳಿಸಬೇಕು. ಬಾಗಿಲಲ್ಲಿ ನಿಂತು ಕೂಗಿದೆ —

"ಲೇಬರ್ ಇನ್ಸ್‌ಪೆಕ್ಟರ್ ಬಂದವ್ರೆ. ರಿಜಿಸ್ಟರ್ ಕೇಳ್ತಾವ್ರೆ."

ಅರ್ಧ ನಿಮಿಷ ಸಾಕಾಯಿತು. ರಿಜಿಸ್ಟರಿನಲ್ಲಿ ಹೆಸರಿಲ್ಲದ ಹನ್ನೊಂದು ಜನ ಹಿಂದಿನ ಗೇಟಿನಿಂದ ಮಾಯ. ಉಳಿದವರು ಅವರ ಹಿಂದೆ. ದೇವರಾಜ್ ಕರ್ಪೂರ ಆರಿಸಿ, ಸ್ವೀಟ್ ಬಾಕ್ಸ್ ಹಿಡಿದು ಮುಂದಿನ ಗೇಟಿಗೆ ಓಡಿದ. ಶಟರ್ ಎಳೆದೆ. 100ಕ್ಕೆ ಫೋನ್ ಮಾಡಿದೆ.

6 ಅಕ್ಟೋಬರ್

ಜೀವ ಇತ್ತು. ಬಾಂಬ್ ಸ್ಕ್ವಾಡಿನವರು ಮರಳುಮೂಟೆಗಳ ನಡುವೆ ಇಟ್ಟು ಒಯ್ದು, ಪಾಳು ಕ್ವಾರಿಯಲ್ಲಿ ಸಿಡಿಸಿದರಂತೆ. ಶೆಡ್ ಸೀಲ್. ಫೋನ್ ಮಾಡಿದ್ದು ಯಾರೆಂದು ಆಫೀಸರ್ ಕೇಳಿದಾಗ ನಾನು ಬಾಯಿ ಬಿಡುವ ಮೊದಲೇ ದೇವರಾಜ್, ನಾನೇ ಮಾಡಿಸಿದ್ದು ಎಂದ. ಪೇಪರಿನಲ್ಲೂ ಅವನ ಫೋಟೊ ಬರುತ್ತದಂತೆ. ಥೂ.

14 ಅಕ್ಟೋಬರ್

ಸೀಲ್ ಬಿಚ್ಚಿದರು. ದೇವರಾಜ್ ಆಫೀಸಿಗೆ ಕರೆದ. ಟೈಪ್ ಮಾಡಿದ ಕಾಗದ. ಶೆಲ್ ಹೇಗೆ ಬಂತೆಂದು ಸ್ಟೇಷನ್ನಿನವರು ಬರೆದುಕೊಡಲು ಹೇಳಿದ್ದಾರೆ.

"ಸಾಕ್ಷಿ ಅಂತ ಸೈನ್ ಹಾಕು, ಬೋನಸ್ ತಗೊ. ಇಲ್ಲಾಂದ್ರೆ ಅಂಗೇ ಆಚೆ ನಡಿ."

ಕಸ ಗುಡಿಸುತ್ತಿದ್ದ ಮರೆವ್ವ ಪೊರಕೆ ನಿಲ್ಲಿಸಿದಳು. "ಅಣ್ಣ, ನಂಗೆ ಓದಕ್ ಬರಲ್ಲ. ಅದ್ರಾಗೆ ಏನ್ ಬರ್ದವ್ರೆ?"

ಓದಿದೆ. ಹಳ್ಳಿ ಸ್ಕೂಲಿನ ಏಳನೇ ಕ್ಲಾಸಿನ ಓದು, ಇಡೀ ಶೆಡ್ಡಿಗೆ ಕೇಳುವ ಹಾಗೆ. 'ಸದರಿ ಮರೆವ್ವ ಎಂಬಾಕೆ ಮಾಲೀಕರಿಗೆ ತಿಳಿಸದೆ ಸ್ಫೋಟಕ ತಂದಿಟ್ಟಿರುತ್ತಾಳೆ.' ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ. ಮರೆವ್ವನನ್ನು ಕರೆದುಕೊಂಡು ನೇರ ಸ್ಟೇಷನ್ನಿಗೆ ನಡೆದೆ.

25 ಅಕ್ಟೋಬರ್

ಕೇಸಿನಲ್ಲಿ ಮರೆವ್ವನ ಹೆಸರಿಲ್ಲ. ಇಬ್ಬರಿಗೂ ಪಕ್ಕದ ರಸ್ತೆಯ ಫೌಂಡ್ರಿಯಲ್ಲಿ ಕೆಲಸ. ನಾಳೆ ದೀಪಾವಳಿ. ದೇವರಾಜ್ ಬಾಕಿ ಸಂಬಳ ಕೊಡಲಿಲ್ಲ, ಕೊಡುವುದೂ ಇಲ್ಲ.

ಟೀ ಅಂಗಡಿಯಲ್ಲಿ ಐವತ್ತು ಸಾವಿರ ಒದ್ದು ಬಂದೆ ಎಂದಿದ್ದೇನೆ. ಹೆಂಡತಿ ಭಾಗ್ಯಮ್ಮನಿಗೆ, ಹೋದದ್ದು ಎರಡೇ ಸಾವಿರ ಎಂದಿದ್ದೇನೆ. ನಂಬಿ, ಮಕ್ಕಳ ಬಟ್ಟೆಯ ಪಟ್ಟಿ ಬರೆಯುತ್ತ ಕೂತಿದ್ದಾಳೆ. ನಿಜವಾಗಿ ಹೋದದ್ದು, ಬೋನಸ್ ಮತ್ತು ಸಂಬಳ ಸೇರಿ — ಒಂಬತ್ತು ಸಾವಿರದ ನಾನೂರು. ಅವಳಿಗೆ ಹೇಗೆ ಹೇಳುವುದು?