ವಿಳಾಸ ಮಾತ್ರ ಉಳಿದ ಮಾತು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಎರಡು ಬೀದಿ ಆಚೆಗಿರುವ ತಂಗಿ ಕಾಗದ ಯಾಕೆ ಬರೆದಳು ಎಂದು ನೀನೀಗ ಹುಬ್ಬು ಗಂಟಿಕ್ಕಿರುತ್ತೀ. ಎದುರಿಗೇ ಬಂದು ಹೇಳೋಣವೆಂದು ನಿಮ್ಮ ಮನೆಯ ಮೆಟ್ಟಿಲವರೆಗೂ ಬಂದಿದ್ದೆ, ಹಿಂದಿರುಗಿದೆ. ಒಳಗೆ ಬಂದಿದ್ದರೆ ಏನಾಗುತ್ತಿತ್ತು ಗೊತ್ತು. ನೀನು ಸ್ಲೇಟಿನಲ್ಲಿ ಒಂದು ಸಾಲು ಬರೆಯುವಷ್ಟರಲ್ಲಿ ನಾನು ಹತ್ತು ಮಾತಾಡಿ, ಅತ್ತು, ನಿನ್ನಿಂದಲೇ ತಲೆ ಸವರಿಸಿಕೊಂಡು ಎದ್ದು ಬರುತ್ತಿದ್ದೆ. ಕಾಗದದಲ್ಲಾದರೆ ನಾವಿಬ್ಬರೂ ಸಮ. ನೀನು ಎಷ್ಟು ಹೊತ್ತು ಬೇಕಾದರೂ ಸಿಟ್ಟು ಮಾಡಿಕೊಳ್ಳಬಹುದು, ನಾನು ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ದನಿ ಹೋದದ್ದು ಆಸ್ಪತ್ರೆಯ ಆ ನರ್ಸಿನಿಂದಲ್ಲ. ನನ್ನಿಂದ.

ಮೊದಲಿನಿಂದ ಹೇಳುತ್ತೇನೆ. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದ ದಿನ ಭಾವ ಗೋಡೆ ನೋಡುತ್ತ ಕುಳಿತಿದ್ದರು. ನೀನು ಮಾತ್ರ, "ಸರಿ ಬಿಡಿ, ಇನ್ಮೇಲೆ ಮಂಡೀಲಿ ಟೊಮೆಟೊ ಹರಾಜನ್ನ ಸನ್ನೇಲೇ ಕೂಗ್ತೀನಿ" ಅಂದೆ. ಮೈಕಿಲ್ಲದೆ ಇಡೀ ತರಕಾರಿ ಮಂಡಿಯನ್ನು ಸುಮ್ಮನಾಗಿಸುತ್ತಿದ್ದ ಗಂಟಲು ನಿನ್ನದು. ಡಾಕ್ಟರೂ ನಕ್ಕುಬಿಟ್ಟರು. ನಾನು ಅಲ್ಲೇ ಎದ್ದು ನಿಂತು ಹೇಳಿದೆ, ನಮ್ಮ ಕಂಪನಿಯಲ್ಲಿ ಗುಂಡಿ ಒತ್ತಿದ್ರೆ ಮಾತಾಡೋ ಯಂತ್ರ ಮಾಡ್ತಿದ್ದೀವಿ, ಅಕ್ಕನ ದನೀನ ಅದರಲ್ಲಿ ಉಳಿಸ್ತೀನಿ ಎಂದು. ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಕೊಟ್ಟ ಮಾತು.

ಆ ಯಂತ್ರದ ಒಳಗನ್ನು ನಾನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದೆ. ಅದು ಹಳೆಯ ಕಾಲದ ಬಿಗಿ ಭಾಷೆ. ಒಂದು ವಸ್ತು ಇನ್ನೊಂದರ ಗುಣವನ್ನು ಹುಟ್ಟಿನಿಂದಲೇ ಪಡೆಯುವ ಏರ್ಪಾಡು ಅದರಲ್ಲಿಲ್ಲ, ಬೇಕಾದವರು ಕೈಯಾರೆ ಕಟ್ಟಿಕೊಳ್ಳಬೇಕು. ನಾನು ಕಟ್ಟಿದೆ. ಎಲ್ಲಕ್ಕೂ ತಾಯಿಯಂಥ ಒಂದು ವಸ್ತು ಮಾಡಿ ಅದಕ್ಕೆ 'ಬೇರು' ಎಂದು ಹೆಸರಿಟ್ಟೆ. ಗುಂಡಿ, ಚಿತ್ರ, ದನಿ, ಯಂತ್ರದೊಳಗೆ ಏನೇ ಇರಲಿ, ಅದರ ತಲೆಯ ಮೇಲೆ ಈ ಬೇರು ಕೂತಿರುತ್ತದೆ: ನಾನು ಯಾವ ಜಾತಿಯ ವಸ್ತು, ನನ್ನ ಗಾತ್ರವೆಷ್ಟು, ನನ್ನನ್ನು ಮೆಮೊರಿ ಕಾರ್ಡಿನ ಮೇಲೆ ಬರೆದಿಡುವುದು ಹೇಗೆ, ಮತ್ತೆ ಓದಿ ಎಬ್ಬಿಸುವುದು ಹೇಗೆ. ಯಂತ್ರ ಆರಿದರೂ ಎಲ್ಲವೂ ಕಾರ್ಡಿನಲ್ಲಿ ಸಾಲಾಗಿ ಮಲಗಿದ್ದು, ಹೊತ್ತಿಸಿದಾಗ ಇದ್ದ ಹಾಗೆಯೇ ಎದ್ದು ಕೂರಬೇಕು. ಒಂದೇ ಬೇರು ಎಲ್ಲದಕ್ಕೂ ಸಾಕು ಎಂಬುದು ನನ್ನ ಹೆಮ್ಮೆಯಾಗಿತ್ತು. ಆ ವಾರವೆಲ್ಲ ಕಚೇರಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ತಪ್ಪು ಆಗಿದ್ದು ಬರೆದಿಡುವಲ್ಲಿ. ಅರ್ಧ ಸೆಕೆಂಡಿನೊಳಗಿನ ಚಿಕ್ಕ ದನಿಗಳನ್ನು ನಾನು ವಸ್ತುವಿನ ಮಡಿಲಿನಲ್ಲೇ ಇಟ್ಟಿದ್ದೆ. ಉದ್ದನೆಯವನ್ನು ಬೇರೆ ಕಡೆ ಇಟ್ಟು, ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಮಡಿಲಿಗೆ ಹಾಕಿದ್ದೆ. ಬರೆದಿಡುವಾಗ ಆ ವಿಳಾಸ ಹುಡುಕಿಕೊಂಡು ಹೋಗಿ ದನಿಯನ್ನೇ ತಂದು ಬರೆಯಬೇಕಿತ್ತು. ಚಿತ್ರಗಳಿಗೆ ಹಾಗೆ ಮಾಡಿದ್ದೆ. ದನಿಗೆ ಮಾಡಲಿಲ್ಲ. ಬೇರು ತನಗೆ ತಿಳಿದಂತೆ ಮಡಿಲಲ್ಲಿದ್ದದ್ದನ್ನಷ್ಟೇ ನಕಲು ಮಾಡಿತು. ಕಾರ್ಡಿಗೆ ಹೋದದ್ದು ಬರೀ ವಿಳಾಸ. ಯಂತ್ರ ಹೊತ್ತಿಕೊಂಡಿರುವವರೆಗೆ ಆ ವಿಳಾಸದಲ್ಲಿ ನೀನಿದ್ದೆ. ಆರಿದ ಕೂಡಲೇ ಆ ಮನೆ ಖಾಲಿ.

ನೋಡಿಕೊಳ್ಳಲಿಲ್ಲವಾ ಎಂದು ಕೇಳುತ್ತೀ. ನೋಡಿದೆ. ಬರೆಸಿದೆ, ತಕ್ಷಣ ಓದಿಸಿದೆ, ದನಿ ಬಂತು, ಚಪ್ಪಾಳೆ ತಟ್ಟಿಕೊಂಡೆ. ಯಂತ್ರವನ್ನು ಆರಿಸಿ ನೋಡಲೇ ಇಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ, ನಾವು ದಪ್ಪ ಕನ್ನಡಕ ಅಂತೀವಲ್ಲ ಅವರು, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?" ಎಂದು ಕೇಳಿದರು. ನಾನು ತಲೆ ಎತ್ತದೆ "ಹೂಂ" ಅಂದೆ. ಕಾರ್ಡಿನ ಮೇಲಿದ್ದ ಕಡತ ಅಷ್ಟೊಂದು ದನಿಗೆ ತೀರ ಚಿಕ್ಕದಾಗಿತ್ತು. ಅದನ್ನು ನೋಡಿ ಅನುಮಾನಪಡುವ ಬದಲು, ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀನಿ ನೋಡಿ ಎಂದು ಅವರಿಗೇ ತೋರಿಸಿದೆ.

ಆಮೇಲೆ ನಿಮ್ಮ ಮನೆಯ ಹಿಂದಿನ ಕೋಣೆ. ಕಿಟಕಿಗೆ ಕಂಬಳಿ ಹೊದಿಸಿ, ಫ್ಯಾನು ನಿಲ್ಲಿಸಿ, ಬೆವರೊರೆಸಿಕೊಳ್ಳುತ್ತ ನೀನು ಹೇಳಿದ ಮಾತುಗಳು. ಹರಾಜಿನ ಕೂಗು ಬೇಡವೇ ಬೇಡ ಅಂದೆ, "ಅದು ನಿನ್ ಡಬ್ಬೀಲಿ ಹಿಡಿಯಲ್ಲ ಕಣೇ, ಮನೆ ಮಾತು ಸಾಕು" ಅಂದೆ. ಗಂಟಲು ಉರಿಯುತ್ತಿದ್ದರೂ ಬಿಸಿನೀರು ಕುಡಿದು ಮತ್ತೆ ಕೂರುತ್ತಿದ್ದೆ. ಮಗಳನ್ನು ಏಳಿಸುವ ಮಾತು, ಸ್ನಾನಕ್ಕೆ ಕರೆಯುವ ಮಾತು, ಭಾವನನ್ನು ಛೇಡಿಸುವ ಮಾತು. ಆಗೆಲ್ಲ ಯಂತ್ರ ಚಾರ್ಜಿಗೇ ಅಂಟಿಕೊಂಡಿತ್ತು, ಯಾರೂ ಆರಿಸಲಿಲ್ಲ.

ಆಪರೇಶನ್ ಆಗಿ ಕೆಲವು ದಿನಗಳ ಮೇಲೆ ನೀನು ದಿಂಬಿಗೊರಗಿ ಕೂತು ಮೊದಲ ಗುಂಡಿ ಒತ್ತಿದೆ. 'ಗರ್' ಅಂತ ಸದ್ದು ಬಂದು ನಿಂತುಹೋಯಿತು. ಮತ್ತೆ ಒತ್ತಿದೆ. ಭಾವ ನನ್ನ ಮುಖ ನೋಡಿದರು. ಡ್ರಿಪ್ ಬದಲಿಸುತ್ತಿದ್ದ ನರ್ಸೂ ನೋಡಿದರು. "ಇದನ್ನ ಯಾರಾದ್ರೂ ಆಫ್ ಮಾಡಿದ್ರಾ?" ಅಂತ ಕೇಳಿದೆ. ಪಾಪ ಆಕೆ, "ನಾನೇ ಮೇಡಂ. ಥಿಯೇಟರಿಗೆ ಕಳಿಸೋ ಮುಂಚೆ ಎಲ್ಲಾನೂ ಆಫ್ ಮಾಡಿ ಬೀರೂಲಿ ಇಡ್ಬೇಕು, ನಮ್ ರೂಲು" ಅಂದರು. "ಹಾಗೆಲ್ಲ ಆಫ್ ಮಾಡ್ಬಾರದಿತ್ತು" ಅಂದೆ ನಾನು. ಆ ಕ್ಷಣಕ್ಕೆ ನಿಜವಾದ ಕಾರಣ ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ನೀನು ಸ್ಲೇಟು ಎಳೆದುಕೊಂಡು 'ನನ್ನ ದನಿ ಕೊಂದೆ' ಎಂದು ಬರೆದು ಆಕೆಯ ಮುಖಕ್ಕೆ ಹಿಡಿದೆ. ಆಕೆ ಅದನ್ನು ಓದುವುದನ್ನು ನಾನು ನೋಡಿದೆ. ನೋಡುತ್ತ ನಿಂತಿದ್ದೆ. ಅಷ್ಟೇ.

ಹೋದ ವಾರ ಆಸ್ಪತ್ರೆಗೆ ಹೋಗಿ ಆಕೆಗೆ ನಿಜ ಹೇಳಿದೆ. ಆಕೆ ಬಯ್ಯುತ್ತಾರೆಂದುಕೊಂಡಿದ್ದೆ. ಬೆಂಚಿನ ಮೇಲೆ ಕೂತು, "ಅವತ್ತಿಂದ ಯಾವ ಮಿಷೀನ್ ಆಫ್ ಮಾಡೋಕೂ ನಂಗೆ ಕೈ ಬರ್ತಿರ್ಲಿಲ್ಲ. ಜೊತೆಯೋರನ್ನ ಕರೆದು ಮಾಡಿಸ್ತಿದ್ದೆ. ಅವ್ರು ನಗ್ತಿದ್ರು" ಅಂದರು. ಕೊನೆಗೆ, "ನಿಮ್ಮಕ್ಕಂಗೆ ಹೇಳಿದ್ರಾ?" ಎಂದರು. ಇಲ್ಲ ಅಂದೆ. "ಹಾಗಾದ್ರೆ ನಂಗೆ ಹೇಳಿ ಏನ್ ಪ್ರಯೋಜನ?" ಎಂದು ಎದ್ದು ಹೋದರು.

ಕಚೇರಿಯಲ್ಲೂ ಹೇಳಿದೆ. ದಪ್ಪ ಕನ್ನಡಕದವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಈಗ ನನ್ನ ಬೇರನ್ನು ಬದಲಿಸಿದ್ದೇನೆ. ವಿಳಾಸ ಇಟ್ಟುಕೊಳ್ಳುವ ಯಾವ ವಸ್ತುವೇ ಆಗಲಿ, ತನ್ನನ್ನು ಪೂರ್ತಿ ಬರೆದಿಡುವ ದಾರಿ ತಾನೇ ಹೇಳದಿದ್ದರೆ ಯಂತ್ರ ಶುರುವಾಗುವುದೇ ಇಲ್ಲ. ಇನ್ನೊಬ್ಬರಿಗೆ ಹೀಗಾಗದು. ನಿನಗೆ ಮಾತ್ರ ಅದರಿಂದ ಏನೂ ಬರಲಿಲ್ಲ.

ಉಳಿದದ್ದು ಚಿಕ್ಕ ಮಾತುಗಳು ಮಾತ್ರ. ಅವು ನಿನ್ನ ಕೈಯಲ್ಲೇ ಇವೆ: 'ಹೂಂ', 'ಬೇಡ', 'ಸಾಕು', 'ಥೂ', 'ಹೋಗೋ'. ಮೊನ್ನೆ ಅವುಗಳ ಮುಂದೆ ಕೂತಾಗ ನನಗೊಂದು ವಿಷಯ ಹೊಳೆಯಿತು ಅಕ್ಕಾ. ಸಿಟ್ಟಿನ ಮಾತುಗಳೆಲ್ಲ ಚಿಕ್ಕವು, ಉಳಿದುಕೊಂಡವು. ಅಕ್ಕರೆಯ ಮಾತುಗಳನ್ನೆಲ್ಲ ನೀನು ಎಳೆದೆಳೆದು ಹೇಳಿದ್ದೆ. 'ಮರೀ' ಎಂಬ ಎರಡೇ ಅಕ್ಷರ ಕೂಡ, ನೀನು ಆ ಕೊನೆಯ ಅಕ್ಷರವನ್ನು ಬೀದಿ ಮೂಲೆಯವರೆಗೆ ಎಳೆಯುತ್ತೀಯಲ್ಲ, ಎಳೆದದ್ದಕ್ಕೇ ಹೋಯಿತು. ನಿನ್ನ ಮರಿ ಮೊನ್ನೆ ನನ್ನ ತೊಡೆಯ ಮೇಲೆ ಕೂತು ಗುಂಡಿಗಳನ್ನೆಲ್ಲ ಒತ್ತಿ, "ಚಿಕ್ಕಮ್ಮ, ಇದ್ರೊಳಗಿರೋ ಅಮ್ಮ ಯಾವಾಗ್ಲೂ ಬೈತಾನೇ ಇರ್ತಾಳಾ?" ಎಂದು ಕೇಳಿದಳು. ಫೋನುಗಳಲ್ಲಿರುವುದೆಲ್ಲ ಮಂಡಿಯ ಗದ್ದಲದಲ್ಲಿ ನೀನು ದರ ಕೂಗುವುದು. ಮಗುವನ್ನು ಕರೆಯುವುದು ಎಲ್ಲಿಯೂ ಇಲ್ಲ, ಹುಡುಕಿದೆ.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಆದರೆ ಆ ನರ್ಸಿಗೆ ನೀನೇ ಒಂದು ಸಾಲು ಬರೆದು ಕಳಿಸು. ಅದಷ್ಟನ್ನು ಕೇಳುತ್ತೇನೆ. ನನಗೆ ಏನೂ ಬರೆಯದಿದ್ದರೂ ಸರಿ.

ಇಂತಿ,
ನಿನ್ನಿಂದಲೇ ಮಾತು ಕಲಿತ
ತಂಗಿ

ಮರೆತಿದ್ದಲ್ಲ, ಬರೆಯದೆ ಬಿಟ್ಟದ್ದು: ಆ ಕ್ಷಣಕ್ಕೆ ಕಾರಣ ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆಪರೇಶನ್ನಿನ ಹಿಂದಿನ ದಿನವೇ ಗೊತ್ತಿತ್ತು. ಕಚೇರಿಯಲ್ಲಿದ್ದ ಇನ್ನೊಂದು ಯಂತ್ರ ಕರೆಂಟು ಹೋಗಿ ಆರಿತ್ತು, ಹೊತ್ತಿಸಿದರೆ 'ಗರ್' ಅಂದಿತು. ನಿನ್ನ ಯಂತ್ರ ಆಗಿನ್ನೂ ಹೊತ್ತಿಕೊಂಡೇ ಇತ್ತು, ದನಿಯೆಲ್ಲ ಒಳಗಿತ್ತು. ವೈರು ಚುಚ್ಚಿ ದನಿಯನ್ನೆಲ್ಲ ಹೊರಗೆ ಇಳಿಸಿಕೊಂಡಿದ್ದರೆ ಅರ್ಧ ಗಂಟೆಯ ಕೆಲಸ. ಅದಕ್ಕೆಂದೇ ಆ ಸಂಜೆ ವಾರ್ಡಿಗೆ ಬಂದೆ. ನೀನು ಗುಂಡಿ ಒತ್ತಿ ಒತ್ತಿ ಪಕ್ಕದ ಮಂಚದವರಿಗೆಲ್ಲ ಕೇಳಿಸುತ್ತಿದ್ದೆ. "ನನ್ ತಂಗಿ ಕಟ್ಟಿದ್ದು. ಕಣ್ಮುಚ್ಚಿ ನಂಬಬಹುದು" ಅಂದೆ, ಎಲ್ಲರೂ ನನ್ನ ಕಡೆ ತಿರುಗಿದರು. ಅವರೆದುರು ಅದನ್ನು ಬಿಚ್ಚಿ ಕೂರಲು ನಾಚಿಕೆಯಾಯಿತು. ಬೆಳಿಗ್ಗೆ ಬಂದು ಸದ್ದಿಲ್ಲದೆ ಸರಿ ಮಾಡಿದರಾಯಿತು ಅಂದುಕೊಂಡೆ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ನಿನ್ನನ್ನು ಒಳಗೆ ಕರೆದೊಯ್ದಿದ್ದರು. ಆ ಸಂಜೆ ವೈರು ನನ್ನ ಚೀಲದಲ್ಲೇ ಇತ್ತು ಅಕ್ಕಾ.