ಮೂವತ್ತು ಗೀಟು

ಮಾರ್ಚ್ 3, ಬೆಳಿಗ್ಗೆ 7

ಚುಚ್ಚಿಸಿಕೊಂಡಾಯಿತು. ಎಡಗಡೆ ಹೊಟ್ಟೆ, ಹೊಕ್ಕುಳಿಂದ ನಾಲ್ಕು ಬೆರಳು ಆಚೆ. ಎಂದಿನಂತೆ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಿದ್ದೆ. ಹತ್ತೊಂಬತ್ತು ವರ್ಷದ ಕತ್ತೆ, ಇನ್ನೂ ಅಮ್ಮನ ಕೈಯಲ್ಲಿ ಚುಚ್ಚಿಸಿಕೊಳ್ಳುವುದು. ಅಂಗಡಿಯಲ್ಲಿ ಗೇಣುದ್ದದ ಬಾಗಿದ ಸೂಜಿ ಹಿಡಿದು ಸೋಫಾಗೆ ರೆಕ್ಸಿನ್ ಹೊಲಿಯುತ್ತೇನೆ, ಕೈ ಅಲುಗುವುದಿಲ್ಲ. ಈ ಕೂದಲಿನಂಥ ಸೂಜಿ ಮಾತ್ರ ಮುಟ್ಟಲಾರೆ. ಏನು ಮಾಡಲಿ.

ಫ್ರಿಜ್ ಬಾಗಿಲಿಗೆ ಡಾಕ್ಟರ ಚೀಟಿ ಅಂಟಿಸಿದೆ. ಬೆಳಿಗ್ಗೆ ಸಿರಿಂಜಿನ 30ನೇ ಗೀಟಿನವರೆಗೆ, ಸಂಜೆ 20. ಇನ್ಸುಲಿನ್ ಎಳೆಯುವವಳು ಅಮ್ಮ, ಚುಚ್ಚುವವಳು ಅಮ್ಮ, ಪುಸ್ತಕದಲ್ಲಿ ಬರೆಯುವವಳೂ ಅಮ್ಮ. ನನ್ನ ಒಂಬತ್ತನೇ ವಯಸ್ಸಿನಿಂದ. ಆ ಪುಸ್ತಕ ಡಾಕ್ಟರಿಗೆ. ಇದು ಯಾರಿಗೂ ಅಲ್ಲ.

ಮೂರು ತಿಂಗಳ ಶುಗರ್ ಟೆಸ್ಟ್ ಬಂತು — ಹನ್ನೊಂದು. ಏಳರ ಹತ್ತಿರ ಇರಬೇಕಂತೆ. ನಾಳೆ ಬೈಗುಳಕ್ಕೆ ಹೋಗಬೇಕು.

ಮಾರ್ಚ್ 4

ಬೈದರು.

"ಕದ್ದು ತಿಂತೀಯಾ?"

"ಇಲ್ಲ ಸಾರ್."

"ಮತ್ತೆ ಈ ಶುಗರ್ ಗಾಳೀಲಿ ಬಂತಾ?"

ಒಂದೂವರೆ ವರ್ಷದಿಂದ ಬಾಯಿಗೆ ಸಿಹಿ ಹಾಕಿಲ್ಲ. ಹೇಳಿದರೆ ಕಂಬಕ್ಕೆ ಹೇಳಿದ ಹಾಗೆ. ಸ್ಕೂಲಲ್ಲೂ ಇದೇ. ಒಂಬತ್ತನೇ ಕ್ಲಾಸು, ಶುಗರ್ ಏರಿ ಮಂಪರು ಬಂದು ಡೆಸ್ಕ್ ಮೇಲೆ ತಲೆ ಇಟ್ಟರೆ ಟೀಚರ್ ನಾಟಕ ಅಂದರು. ಹಾಜರಿ ಪುಸ್ತಕ ಕಿಟಕಿಯಿಂದ ಆಚೆ ಎಸೆದು ಬಂದವಳು ಮತ್ತೆ ಆ ಕಡೆ ತಲೆ ಹಾಕಿಲ್ಲ. ಇವತ್ತು ಎಸೆಯಲಿಲ್ಲ. ಯಾಕೆಂದರೆ ಡಾಕ್ಟರು ಆಮೇಲೆ ಮೆತ್ತಗೆ ಹೇಳಿದರು — ಕಣ್ಣಿನ ಹಿಂದೆ ಚುಕ್ಕಿ ಶುರುವಾಗಿದೆ. ಹೀಗೇ ಬಿಟ್ಟರೆ ಮೂವತ್ತು ತುಂಬುವುದರೊಳಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಆಗುವುದಿಲ್ಲ.

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಸಿಸ್ಟರ್ ಒಂದು ಪೆಟ್ಟಿಗೆ ತೆಗೆದರು. ಪಂಪ್. ಆಸ್ಪತ್ರೆಗೆ ಮೂರು ಪುಕ್ಕಟೆ ಬಂದಿವೆಯಂತೆ. ಎರಡು ಹೋದವು, ಮೂರನೆಯದಕ್ಕೆ ನನ್ನ ಹೆಸರಿದೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು, ಅದರಿಂದ ಸಣ್ಣ ಟ್ಯೂಬು ಹೊಟ್ಟೆಗೆ. ಇಡೀ ದಿನ ಹನಿ ಹನಿಯಾಗಿ ಇನ್ಸುಲಿನ್ ಬಿಡುತ್ತದೆ. ಮೂರು ದಿನಕ್ಕೊಮ್ಮೆ ಜಾಗ ಬದಲಾಯಿಸಿದರೆ ಸಾಕು.

"ಎಷ್ಟು ಬಿಡಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?" ಅಂದೆ.

"ನಿಮ್ಮ ಪುಸ್ತಕ ನೋಡಿ ನಾವು ತುಂಬಿಸ್ತೀವಿ. ಅದಕ್ಕೆ ಸ್ವಂತ ಬುದ್ಧಿ ಇಲ್ಲ ಕಣಮ್ಮ, ಹೇಳಿದ್ದು ಮಾಡುತ್ತೆ."

ಪಂಪೋ ಸೂಜಿಯೋ, ಹದಿನೆಂಟನೇ ತಾರೀಖಿಗೆ ಹೇಳಬೇಕು. ಬೇಡ ಅಂದರೆ, ಅವತ್ತು ಹೋಗದಿದ್ದರೆ, ಪಟ್ಟಿಯಲ್ಲಿ ಮುಂದಿನವರಿಗೆ. ನನ್ನ ಹೆಸರು ಮತ್ತೆ ಕೊನೆಗೆ.

ಮಾರ್ಚ್ 6

ಬೇಡ ಅನಿಸುತ್ತಿದೆ. ನಾಯಿಗೆ ಬೆಲ್ಟು ಕಟ್ಟಿದ ಹಾಗೆ ಯಾವಾಗಲೂ ನೇತಾಡುವುದು. ನನ್ನ ಕೆಲಸ ಸೋಫಾ ಅಡಿಯಲ್ಲಿ ಬೆನ್ನ ಮೇಲೆ ಮಲಗಿ ಪಟ್ಟಿ ಬಿಗಿಯುವುದು, ಸ್ಪ್ರಿಂಗ್ ಕಟ್ಟುವುದು. ಟ್ಯೂಬು ಸಿಕ್ಕಿಕೊಂಡರೆ?

ಯೋಚನೆ ಮಾಡಿ ಪ್ರಯೋಜನ ಇಲ್ಲ, ಮಾಡಿ ನೋಡಬೇಕು. ಬೆಂಕಿಪೊಟ್ಟಣಕ್ಕೆ ಸ್ಕ್ರೂ ತುಂಬಿ ಭಾರ ಮಾಡಿದೆ. ಕುಶನ್ ಅಂಚಿಗೆ ಹೊಲಿಯುವ ದಾರ ಒಂದು ಮೊಳ ಕತ್ತರಿಸಿ, ಒಂದು ತುದಿ ಪೊಟ್ಟಣಕ್ಕೆ, ಇನ್ನೊಂದು ಹೊಟ್ಟೆಗೆ ಪ್ಲಾಸ್ಟರ್ ಹಾಕಿ ಅಂಟಿಸಿದೆ. ಮಧ್ಯಾಹ್ನದೊಳಗೆ ನಾಲ್ಕು ಸಲ ಕಿತ್ತು ಬಂತು.

ಸ್ಪ್ರಿಂಗಣ್ಣ ನೋಡುತ್ತಿದ್ದ. ಮೂವತ್ತು ವರ್ಷದಿಂದ ಇಲ್ಲಿ ಸ್ಪ್ರಿಂಗ್ ಕಟ್ಟುತ್ತಿರುವವನು.

"ಏನವ್ವಾ, ಹೊಟ್ಟೆಗೆ ಬಾಂಬ್ ಕಟ್ಕೊಂಡಿದ್ದೀಯಾ? ಮೇಸ್ತ್ರಿ ಮೇಲೆ ಅಷ್ಟು ಸಿಟ್ಟಾ?"

ಹೇಳಿದೆ. ನಗಲಿಲ್ಲ. ಪೊಟ್ಟಣ ಕೈಗೆ ತೆಗೆದುಕೊಂಡು ತೂಗಿ ನೋಡಿದ.

"ಸೊಂಟಕ್ಕೆ ಯಾಕೆ ಹಾಕ್ತೀಯ? ಬೆನ್ನ ಮೇಲೆ ಮಲಗೋಳು ನೀನು. ತೊಡೆಗೆ ಕಟ್ಟು. ದಾರ ಒಳಗೇ ಇರ್ಲಿ."

ಮಾರ್ಚ್ 9

ತೊಡೆಗೆ ಕಟ್ಟಿ ಮೂರು ದಿನ. ಒಂದು ಸಲವೂ ಕಿತ್ತಿಲ್ಲ. ನಿನ್ನೆ ಮನೆಗೆ ಬರುವವರೆಗೆ ಅದು ಇರುವುದೇ ಮರೆತಿದ್ದೆ.

ಬೇಕು. ಪಂಪ್ ಬೇಕು ನನಗೆ. ಕಣ್ಣು ಬೇಕು.

ಅಮ್ಮನಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ಮಿಷಿನ್ನು ನಂಬಬೇಡ ಕಣೇ. ಕೆಟ್ಟು ನಿಂತ್ರೆ? ಒಂದೇ ಸಲ ಎಲ್ಲ ಸುರಿದ್ಬಿಟ್ರೆ?"

"ಹತ್ತು ವರ್ಷ ನಿನ್ನ ಕೈ ನಂಬಿದ್ದೀನಲ್ಲ, ಏನು ಸಿಕ್ತು? ಹನ್ನೊಂದು."

ಚಾಕು ನಿಂತಿತು. ಹಾಗೆ ಅನ್ನಬಾರದಿತ್ತು. ಆದರೆ ನಿಜ ತಾನೇ.

ಮಾರ್ಚ್ 11, ಸಂಜೆ

ಚಿಕ್ಕಮ್ಮ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಿದ್ದಾಳೆ. ಅಮ್ಮ ಎರಡು ದಿನಕ್ಕೆ ಅಲ್ಲಿಗೆ ಹೊರಟಳು. ಸೂಜಿಗೆ ಪಕ್ಕದ ಮನೆ ಆಂಟಿಯನ್ನು ಕರೆಯುತ್ತೇನೆ ಅಂದಳು. ಬೇಡ, ನಾನೇ ಹಾಕಿಕೊಳ್ಳುತ್ತೇನೆ ಅಂದೆ. ಬಾಗಿಲವರೆಗೆ ಹೋದವಳು ವಾಪಸ್ ಬಂದಳು. "ಸ್ವಲ್ಪ ಕಮ್ಮೀನೇ ಹಾಕ್ಕೋ. ಒಬ್ಬಳೇ ಇರ್ತೀಯ." ಸರಿ ಸರಿ ಅಂದೆ, ಹೋಗು ಅಂತ.

ಆರೂವರೆಯಿಂದ ಏಳೂಕಾಲರವರೆಗೆ ಸಿರಿಂಜ್ ಹಿಡಿದು ಕೂತಿದ್ದೆ. ಕೊನೆಗೆ ನನಗೆ ನಾನೇ ಒಂದು ಕೆಟ್ಟ ಮಾತು ಬೈದುಕೊಂಡು ಚುಚ್ಚಿದೆ. ಏನೂ ಆಗಲಿಲ್ಲ. ಇರುವೆ ಕಚ್ಚಿದಷ್ಟು. ಇದಕ್ಕಾ ಹತ್ತು ವರ್ಷ?

ಕಮ್ಮಿ ಯಾಕೆ ಹಾಕಲಿ. ಚೀಟಿಯಲ್ಲಿ ಇದ್ದಷ್ಟೇ. ಇಪ್ಪತ್ತು ಗೀಟು, ಲೆಕ್ಕ ಸರಿಯಾಗಿ.

ಮಾರ್ಚ್ 12, ಬೆಳಿಗ್ಗೆ 7

ಶುಗರ್ 96! ಮಿಷಿನ್ ಕೆಟ್ಟಿದೆಯೇನೋ ಅಂತ ಎರಡು ಸಲ ನೋಡಿದೆ. ನೂರರ ಒಳಗೆ ಯಾವತ್ತು ನೋಡಿದ್ದೆ? ನೆನಪಿಲ್ಲ. ನನ್ನ ಕೈಗುಣ ಅಮ್ಮನಿಗಿಂತ ಚೆನ್ನಾಗಿದೆ.

ಮೂವತ್ತು ಗೀಟು. ಹಾಕಿಕೊಂಡೆ. ತಿಂಡಿ ತಿಂದು ಹೊರಟೆ.

ಮಾರ್ಚ್ 15

ಮೂರು ದಿನ ವಾರ್ಡಿನಲ್ಲಿದ್ದೆ. ಇವತ್ತು ಬಿಟ್ಟರು, ಚೀಟಿ ಬದಲಾಗಿಲ್ಲ. ನಾಲಿಗೆ ಕಚ್ಚಿಕೊಂಡಿದ್ದೇನೆ, ಊದಿದೆ.

ನನಗೆ ನೆನಪಿರುವುದು ಇಷ್ಟು — ಹನ್ನೊಂದು ಗಂಟೆ, ಸೋಫಾ ಅಡಿಯಲ್ಲಿದ್ದೆ, ಪಟ್ಟಿ ಎರಡೆರಡಾಗಿ ಕಂಡವು. ಮಿಕ್ಕದ್ದು ಸ್ಪ್ರಿಂಗಣ್ಣ ಹೇಳಿದ್ದು. ಕಾಲು ಮಾತ್ರ ಆಚೆ ಇತ್ತಂತೆ, ಒದ್ದುಕೊಳ್ಳುತ್ತಿತ್ತಂತೆ. ಮೇಸ್ತ್ರಿ ಸೋಫಾನೇ ಎತ್ತಿ ಆಚೆ ಹಾಕಿದನಂತೆ, ಒಬ್ಬನೇ. ಆಸ್ಪತ್ರೆಯಲ್ಲಿ ನೋಡಿದಾಗ ಶುಗರ್ 28.

"ಎರಡು ಸಲ ಹಾಕ್ಕೊಂಡ್ಯಾ?" ಅಂದರು ಡಾಕ್ಟರು.

"ಇಲ್ಲ. ಮೂವತ್ತೇ. ದಿನಾ ಹಾಕೋ ಅಷ್ಟೇ."

"ದಿನಾ ಹಾಕೋ ಅಷ್ಟೇ ಹಾಕಿದ್ರೆ ಹೀಗಾಗಲ್ಲ."

ಶುಗರ್ ಏರಿದರೂ ಕಳ್ಳಿ, ಇಳಿದರೂ ಕಳ್ಳಿ. ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಅಮ್ಮ ಮಂಚದ ಪಕ್ಕ ಸ್ಟೂಲ್ ಮೇಲೆ ಕೂತು ನೆಲ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ, ನನ್ನ ಪರವಾಗಿ.

ಮಾರ್ಚ್ 16, ಬೆಳಿಗ್ಗೆ

ಇವತ್ತು ಗೋಡೆ ಕಡೆ ತಿರುಗಲಿಲ್ಲ. ಕಣ್ಣು ಬಿಟ್ಟುಕೊಂಡು ನೋಡಿದೆ. ಅಮ್ಮ ನನಗೆ ಬೆನ್ನು ಹಾಕಿ ಎಳೆದಳು. ತಿರುಗಿದಾಗ ಸಿರಿಂಜ್ ಕಿತ್ತುಕೊಂಡೆ.

ಇಪ್ಪತ್ತು.

"ಮೂವತ್ತಲ್ವಾ?"

"ಕೊಡಿಲ್ಲಿ."

"ಎಷ್ಟು ದಿನದಿಂದ?"

ನೆಲದ ಮೇಲೆ ಕೂತುಬಿಟ್ಟಳು. ಹನ್ನೊಂದನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ನಾನು ಇದೇ ಅಡುಗೆಮನೆಯಲ್ಲಿ ಶುಗರ್ ಇಳಿದು ಬಿದ್ದಿದ್ದೆನಂತೆ. ಬಾಯಲ್ಲಿ ನೊರೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. "ಸತ್ತೇ ಹೋದಳು ಅಂತ ಮಡಿಲಲ್ಲಿ ಹಾಕ್ಕೊಂಡು ಕೂತಿದ್ದೆ ಕಣೇ. ಮಾರನೇ ದಿನದಿಂದ ಕೈ ಬರಲಿಲ್ಲ. ಎರಡು ಗೀಟು ಬಿಟ್ಟೆ." ಶುಗರ್ ಏರಿತು. ಡಾಕ್ಟರು ಎರಡು ಹೆಚ್ಚು ಬರೆದರು. ಅದನ್ನೂ ಬಿಟ್ಟಳು. ಅವರು ಮತ್ತೆ ಬರೆದರು. ಎಂಟು ವರ್ಷ. ಪುಸ್ತಕದಲ್ಲಿ ಮಾತ್ರ ಅವರು ಹೇಳಿದಷ್ಟೇ.

ನಾನು ಏನೇನೋ ಅಂದೆ. ಬೇಲಿಯೇ ಎದ್ದು ಹೊಲ ಮೇಯ್ತು ಅಂದೆ. ನನ್ನ ಕಣ್ಣು, ನನ್ನ ಸ್ಕೂಲು, ಕಳ್ಳಿ ಅನ್ನಿಸಿಕೊಂಡದ್ದು ಎಲ್ಲಾ ನಿನ್ನ ತಲೆ ಮೇಲೆ ಅಂದೆ. ಅಮ್ಮ ಅಳಲಿಲ್ಲ. ಅತ್ತಿದ್ದರೆ ಇನ್ನೂ ಬೈಯುತ್ತಿದ್ದೆ.

ಮಾರ್ಚ್ 17

ಅಮ್ಮ ತಟ್ಟೆ ಇಡುತ್ತಾಳೆ, ತಿನ್ನುತ್ತೇನೆ.

ನಾಳೆ ಹದಿನೆಂಟು. ಪಂಪಿಗೆ ಆ ಸುಳ್ಳು ಪುಸ್ತಕ ನೋಡಿ ತುಂಬಿಸುತ್ತಾರೆ. ಹೇಳಿದ್ದು ಮಾಡುವ ಮಿಷಿನ್ನು. ಮತ್ತೆ ಬೀಳುತ್ತೇನೆ. ಸೋಫಾ ಎತ್ತುವುದಕ್ಕೆ ಮೇಸ್ತ್ರಿ ದಿನಾ ಇರುತ್ತಾನಾ.

ಸಂಜೆ ಅಮ್ಮನೇ ಬಾಯಿ ಬಿಟ್ಟಳು. "ಮಿಷಿನ್ ಬೇಡ ಅಂತ ಹೇಳಿಬಿಡು. ಸೂಜಿಯೇ ಇರಲಿ. ಇನ್ಮೇಲೆ ಸರಿಯಾಗಿ ಹಾಕ್ತೀನಿ. ಡಾಕ್ಟರಿಗೆ ಏನೂ ಹೇಳೋದು ಬೇಡ. ನನ್ನ ಮುಖ ಎಲ್ಲಿಡ್ಲಿ?"

ಸೂಜಿ ಅಂದರೆ ಅಮ್ಮ ಉಳಿಯುತ್ತಾಳೆ. ಪಂಪ್ ಅಂದರೆ ನಿಜ ಹೇಳಬೇಕು. ನಿಜ ಹೇಳಿದರೆ ಪಂಪ್ ಕೊಡುತ್ತಾರಾ? ಸುಳ್ಳು ಪುಸ್ತಕದವಳಿಗೆ?

ಅತ್ತ ದರಿ, ಇತ್ತ ಪುಲಿ. ನಡುವೆ ನಾನು, ತೊಡೆಗೆ ಬೆಂಕಿಪೊಟ್ಟಣ ಕಟ್ಟಿಕೊಂಡವಳು.

ಮಾರ್ಚ್ 18, ಮಧ್ಯಾಹ್ನ 2 — ಬಸ್ ಸ್ಟಾಪು

ಮುಗಿಯಿತು. ಅಮ್ಮ ನೀರು ಕುಡಿಯುವುದಕ್ಕೆ ಹೋಗಿದ್ದಾಳೆ, ಅಷ್ಟರಲ್ಲಿ ಬರೆಯುತ್ತೇನೆ.

ಸಿಸ್ಟರ್ ಪೆಟ್ಟಿಗೆ ತೆರೆದು, ಪುಸ್ತಕ ನೋಡಿ, ಮೂವತ್ತು ಇಪ್ಪತ್ತು ಅಂತ ಒತ್ತುವುದಕ್ಕೆ ಹೋದರು. "ಅದು ಸುಳ್ಳು," ಅಂದೆ. "ನಿಜವಾಗಿ ಇಪ್ಪತ್ತು, ಹನ್ನೆರಡು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರು ಕಮ್ಮಿ ಮಾಡಿದ್ದು?"

"ನಾನೇ."

ಯಾಕೆ ಹಾಗೆ ಅಂದೆನೋ. ಎರಡು ದಿನದಿಂದ ಅವಳನ್ನು ಹರಿದು ತಿನ್ನುವಷ್ಟು ಸಿಟ್ಟಿತ್ತು.

"ಸುಳ್ಳು ಹೇಳ್ತಾಳೆ ಸಾರ್," ಅಮ್ಮ ಎದ್ದು ನಿಂತಳು. "ಮೊನ್ನೆವರೆಗೂ ಇವಳಿಗೆ ಸಿರಿಂಜ್ ಹಿಡಿಯೋಕೂ ಬರ್ತಿರಲಿಲ್ಲ. ನಾನು ಮಾಡಿದ್ದು. ಹೆದರಿಕೊಂಡು ಮಾಡಿದೆ."

ಡಾಕ್ಟರು ಶುರುಮಾಡಿದರು. ಓದಿದವರ ಬೈಗುಳ, ಮೆತ್ತಗಿರುತ್ತದೆ, ಒಳಗೆ ಕೊಯ್ಯುತ್ತದೆ. ಅಮ್ಮ ನಿಂತೇ ಇದ್ದಳು. ನನಗೆ ತಲೆಗೇರಿತು.

"ಎಂಟು ವರ್ಷದಲ್ಲಿ ಒಂದು ಸಲ ನೀವು 'ಎಳೆದು ತೋರಿಸಮ್ಮ' ಅಂದ್ರಾ ಸಾರ್? ಕದ್ದು ತಿಂತೀಯಾ ಅಂತ ಕೇಳಿದ್ರಿ. ಪ್ರತೀ ಸಲ."

ಸಿಸ್ಟರ್ ಪೆಟ್ಟಿಗೆ ಮುಚ್ಚಿದರು. ಡಾಕ್ಟರು ಪುಸ್ತಕದ ಹಾಳೆ ತಿರುವಿದರು. "ಕೇಳಲಿಲ್ಲ," ಅಂದರು. ಅಷ್ಟೇ.

ಪಂಪ್ ಈಗ ಆಗುವುದಿಲ್ಲ. ನನಗೆ ಬೇಕಾದ್ದು ಇಪ್ಪತ್ತೂ ಅಲ್ಲವಂತೆ ಮೂವತ್ತೂ ಅಲ್ಲವಂತೆ, ನಡುವೆ ಎಲ್ಲೋ ಇದೆಯಂತೆ. ಅದನ್ನು ಸೂಜಿಯಲ್ಲೇ ಹುಡುಕಬೇಕು, ದಿನಕ್ಕೆ ಆರು ಸಲ ಬೆರಳು ಚುಚ್ಚಿ ನೋಡುತ್ತಾ. ಎರಡು ಮೂರು ತಿಂಗಳು. ಆ ಪೆಟ್ಟಿಗೆ ಮುಂದಿನವರಿಗೆ ಹೋಗುತ್ತದೆ. ನನ್ನ ಹೆಸರು ಕೊನೆಗೆ.

"ಸೂಜಿ ಯಾರು ಹಾಕೋದು?" ಅಂದರು.

"ನಾನು," ಅಂದೆ. ಅಮ್ಮನೂ "ಅವಳು" ಅಂದಳು.

ಹೊಸ ಚೀಟಿ: ಬೆಳಿಗ್ಗೆ 22, ಸಂಜೆ 14.

ಅದೇ ದಿನ, ಸಂಜೆ 7

ಹದಿನಾಲ್ಕು ಎಳೆಯಬೇಕು. ಅಮ್ಮ ಹಾಕುತ್ತಿದ್ದುದಕ್ಕಿಂತ ಎರಡೇ ಹೆಚ್ಚು.

ಎಳೆದೆ. ಹನ್ನೆರಡಕ್ಕೆ ನಿಂತಿತು. ಕೆಟ್ಟದ್ದೇನೂ ಆಗಿಲ್ಲ, ಸಿರಿಂಜ್ ಸರಿಯಾಗಿದೆ. ನನ್ನ ಕೈಯೇ ನಿಂತಿದ್ದು. ನಾಲಿಗೆಯ ಗಾಯ ಇನ್ನೂ ಉರಿಯುತ್ತದೆ. ಪಟ್ಟಿ ಎರಡೆರಡಾಗಿ ಕಂಡದ್ದು ಕಣ್ಣ ಮುಂದೆ ಬರುತ್ತದೆ. ಹನ್ನೆರಡಕ್ಕೆ ನಿಲ್ಲಿಸಿ ಪುಸ್ತಕದಲ್ಲಿ ಹದಿನಾಲ್ಕು ಅಂತ ಬರೆದರೆ ಯಾರಿಗೆ ಗೊತ್ತಾಗುತ್ತದೆ. ಎರಡು ಗೀಟು ತಾನೇ... ಛೀ.

ಬಾಟಲಿಯಿಂದ ಸೂಜಿ ತೆಗೆಯದೆ ಎಡಗೈಯಲ್ಲಿ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹತ್ತು ನಿಮಿಷ ಆಯಿತು.

ಅಮ್ಮ ಬಂದಳು. ಪಕ್ಕ ಕೂತಳು. ಬಗ್ಗಿ ನೋಡಿದಳು.

"ಇನ್ನೆರಡು ಎಳಿ."

"ನೀನೇ ಎಳಿ."

"ಉಹೂಂ." ಕೈ ಎರಡೂ ಮಡಿಲಲ್ಲಿ ಕಟ್ಟಿಕೊಂಡಿದ್ದಾಳೆ. "ಎಳಿ. ನಾನು ಇಲ್ಲೇ ಇರ್ತೀನಿ."

ಹದಿಮೂರು —